ಅರೆಬಾಗಿಲ ಬೀದಿ

ನಮ್ಮ ಬೀದಿಯಲ್ಲಿ ಎರಡು ಥರದ ಗುಂಡಿಗಳಿವೆ, ಒಂದು ನಗರಸಭೆಯದ್ದು, ಇನ್ನೊಂದು ನಮ್ಮಕ್ಕಂದು ಎಂದು ವ್ಯಾಪಾರಿ ಸಂಘದ ಅಧ್ಯಕ್ಷ ಹೊಸಬರಿಗೆಲ್ಲ ಹೇಳಿ, ತಾನೇ ಮೊದಲು ನಗುತ್ತಿದ್ದ. ಆ ಮಾತಿಗೆ ನಗುವುದನ್ನು ಗುಂಡಿಯಕ್ಕ ಬಿಟ್ಟು ಎಷ್ಟೋ ಕಾಲವಾಗಿತ್ತು. ಅಂಗಿಯ ಗುಂಡಿ, ನೂಲಿನುಂಡೆ, ಜಿಪ್ಪು, ಲೇಸು, ಸೂಜಿ ಮಾರುವ ಅವಳ ಅಂಗಡಿ ಎಷ್ಟು ಚಿಕ್ಕದೆಂದರೆ, ದಪ್ಪಗಿರುವ ಗಿರಾಕಿ ಒಳಗೆ ಬಂದರೆ ಅವಳು ಎದ್ದು ಹೊರಗೆ ನಿಲ್ಲಬೇಕು. ಹಾಗಂತ ಬೀದಿಯಲ್ಲಿ ಅವಳ ಮಾತಿಗೆ ಬೆಲೆ ಕಡಿಮೆಯೇನಿರಲಿಲ್ಲ. ಮೀಸೆ ತಿರುವುವ ಅಧ್ಯಕ್ಷನೇ ಸಭೆಯಲ್ಲಿ ಬಾಯಿ ತೆರೆಯುವ ಮೊದಲು ಅವಳ ಮುಖ ನೋಡುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಅವಳು ಆ ಅಂಗಡಿಯಲ್ಲಿ ಬಂದು ಕೂತಾಗ ಬಿಳಿ ನೂಲಿಗೂ ಕೆನೆಬಣ್ಣದ ನೂಲಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಇನ್ನೂ ಎದೆಹಾಲು ಬಿಡದ ಮಗಳು, ಕೂಸು ಕಿರುಚಿದರೂ ಕೇಳಿಸದ ಅತ್ತೆ. ನಡುನಡುವೆ ಮನೆಗೆ ಓಡಬೇಕು, ಓಡಿದರೆ ವ್ಯಾಪಾರ ಕೆಡುತ್ತದೆ. ಒಂದು ದಿನ ಕಣ್ಣೊರೆಸಿಕೊಳ್ಳುತ್ತ ಶಟರು ಎಳೆಯುತ್ತಿದ್ದಳು. ಪಕ್ಕದ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ ಎದ್ದು ಬಂದ.

“ಪೂರ್ತಿ ಯಾಕೆ ಎಳೀತೀಯಮ್ಮ? ಅರ್ಧ ಬಿಟ್ಟು ಹೋಗು. ಯಾರಾದ್ರೂ ಬಂದ್ರೆ ನಾನು ಕೊಡ್ತೀನಿ.”

“ನಿಮಗೆ ಗುಂಡಿ ವ್ಯಾಪಾರ ಗೊತ್ತಾ ಅಣ್ಣ?”

“ನಿನಗೆ ಗೊತ್ತಾ?” ಅಂದ ಆತ. ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹೀಗೆ ಶುರುವಾದದ್ದು ಕ್ರಮೇಣ ಇಡೀ ಬೀದಿಯ ರೂಢಿಯಾಯಿತು. ಅರೆಬಾಗಿಲು ಅಂತಲೇ ಅದಕ್ಕೆ ಹೆಸರು. ಶಟರು ಸೊಂಟದ ಮಟ್ಟಕ್ಕೆ ಇಳಿದಿದ್ದರೆ ಅಂಗಡಿಯವರು ಹೊರಗೆ ಹೋಗಿದ್ದಾರೆ, ಪಕ್ಕದವರು ವ್ಯಾಪಾರ ನೋಡಿಕೊಳ್ಳುತ್ತಾರೆ ಎಂದರ್ಥ. ಚಪ್ಪಲಿ ಹೊಲಿಯುವವನು ಆಸ್ಪತ್ರೆಯಲ್ಲಿದ್ದ ತಾಯಿಯ ಪಕ್ಕ ಕೂತದ್ದು, ಹೂಕುಂಡ ಮಾರುವವಳು ಪರೀಕ್ಷೆ ಬರೆದು ಪಾಸಾದದ್ದು, ಛತ್ರಿ ಅಂಗಡಿಯ ಮುದುಕ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದದ್ದು, ಎಲ್ಲ ಅರೆಬಾಗಿಲಿನ ದಯೆ. ಅಂಗಡಿ ಮುಚ್ಚಿ ಬೀದಿ ಬಿಡಬೇಕಾಗಿದ್ದವರು ಅದರಿಂದಲೇ ಉಳಿದುಕೊಂಡರು.

ಒಂದು ಕಟ್ಟುಪಾಡು ಮಾತ್ರ ಇತ್ತು, ಅದನ್ನು ತಂದವಳು ಗುಂಡಿಯಕ್ಕ. ಹಿಂದೊಮ್ಮೆ ಬ್ಯಾಗಿನಂಗಡಿಯವನು ಯಾರದ್ದೋ ವ್ಯಾಪಾರ ನೋಡುವ ನೆಪದಲ್ಲಿ ಪರದೆ ಸರಿಸಿ ಹಿಂದಿನ ಕೋಣೆಗೆ ಇಣುಕಿ, ಅಲ್ಲಿ ಚಾಪೆ ದಿಂಬು ಕಂಡು, ಆ ಅಂಗಡಿಯವನನ್ನು ಹೆಂಡತಿ ಮನೆಯಿಂದ ಆಚೆ ಹಾಕಿದ್ದಾಳೆ ಎಂದು ಬೀದಿಗೆಲ್ಲ ಟಾಂ ಟಾಂ ಮಾಡಿದ್ದ. ಅವತ್ತು ಸಭೆಯಲ್ಲಿ ಅಕ್ಕ ಎದ್ದು ನಿಂತು ಅವನ ನೀರಿಳಿಸಿದಳು. “ಮುಂದಿನ ಮೇಜು ನಮ್ದು, ಪರದೆ ಹಿಂದೆ ಅವರದ್ದು. ಪರದೆ ಮುಟ್ಟಿದವರು ಸಂಘದಲ್ಲಿ ಇರೋದು ಬೇಡ.” ಆಮೇಲೆ ಯಾರೂ ಮುಟ್ಟಲಿಲ್ಲ.

ಊರಿನ ವ್ಯಾಪಾರಿ ಒಕ್ಕೂಟದವರು ಆ ವರ್ಷ ಮಾದರಿ ಬೀದಿಯೆಂದು ಆರಿಸಿ ಸನ್ಮಾನಿಸಲು ಬರುವುದು ಇದೇ ಅರೆಬಾಗಿಲಿಗಾಗಿ ಎಂದು ತಿಳಿದಾಗ ಬೀದಿಗೆ ಬೀದಿಯೇ ಹಿಗ್ಗಿತು. ಅವರು ಬರುವ ದಿನ ಅಕ್ಕ ಇಸ್ತ್ರಿ ಸೀರೆ ಉಟ್ಟು ಬಂದಳು. ನೋಡಿದರೆ ಗಡಿಯಾರದಣ್ಣನ ಶಟರು ಸೊಂಟದ ಮಟ್ಟಕ್ಕಿತ್ತು.

‘ಇವತ್ತೇ ಎಲ್ಲಿ ಹೋದ್ರು ಮಾರಾಯರು?’ ಅಂದುಕೊಂಡಳು. ಬ್ಯಾಟರಿ ತರಲು ಸಗಟು ಅಂಗಡಿಗೆ ಹೋಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೆಲಸಕ್ಕೆ ಕೂತಾಗ ಗಮನ ಕೆಡುತ್ತದೆಂದು ಆತ ಫೋನನ್ನು ಮನೆಯಲ್ಲೇ ಬಿಟ್ಟು ಬರುವ ಪೈಕಿ.

ಇದನ್ನು ಮುಚ್ಚಿಟ್ಟು ಕಥೆ ಹೇಳುವುದು ಸರಿಯಲ್ಲ. ಆ ಶಟರು ಅರ್ಧ ಇಳಿಸಿದ್ದಾಗಿರಲಿಲ್ಲ, ಅರ್ಧ ಎತ್ತಿದ್ದಾಗಿತ್ತು. ಬೆಳಗ್ಗೆ ಬೇಗ ಬಂದು ಬಾಗಿಲು ತೆಗೆಯುವಾಗ ಆತನ ಬಲಗೈ ಇದ್ದಕ್ಕಿದ್ದ ಹಾಗೆ ಸೋತು ಜೋತುಬಿದ್ದಿತ್ತು. ಸ್ವಲ್ಪ ಕೂತರೆ ಸರಿಹೋಗುತ್ತದೆ ಎಂದು ಬಗ್ಗಿ ಒಳಗೆ ಹೋದವನು ಪರದೆಯ ಹಿಂದೆ, ಕೆಲಸದ ಮೇಜಿನ ಬುಡದಲ್ಲಿ ಬಿದ್ದಿದ್ದ. ಬಾಯಿ ತಿರುಚಿಕೊಂಡು ಮಾತು ನಿಂತಿತ್ತು. ಜೀವ ಇತ್ತು. ಅರ್ಧ ಎತ್ತಿದ ಶಟರಿಗೂ ಅರ್ಧ ಇಳಿಸಿದ ಶಟರಿಗೂ ಹೊರಗಿನಿಂದ ನೋಡುವವರಿಗೆ ಏನು ವ್ಯತ್ಯಾಸ? ಬೇರೆ ಯಾವ ಬೀದಿಯಲ್ಲಾದರೂ ಯಾರಾದರೊಬ್ಬರು ಬಗ್ಗಿ ನೋಡುತ್ತಿದ್ದರು. ಈ ಬೀದಿ ಒಳ್ಳೆಯತನದಿಂದಲೇ ಸುಮ್ಮನಿತ್ತು.

ಅಕ್ಕ ಎಂದಿನಂತೆ ಶಟರಿನ ಕೆಳಗೆ ಕೈಚಾಚಿ ಮುಂದಿನ ಮೇಜಿನಿಂದ ಅವನ ವ್ಯಾಪಾರ ಮಾಡಿದಳು. ಒಬ್ಬರಿಗೆ ಗೋಡೆ ಗಡಿಯಾರದ ಬ್ಯಾಟರಿ, ಇನ್ನೊಬ್ಬರಿಗೆ ಕಂದು ಬಣ್ಣದ ವಾಚಿನ ಪಟ್ಟಿ. ಅಲಾರಾಂ ಕೊಳ್ಳಲು ಬಂದ ಹೆಂಗಸೊಬ್ಬಳು ಇದು ಬಾಳಿಕೆ ಬರುತ್ತಾ ಎಂದು ರಾಗ ಎಳೆದಾಗ, “ಅಣ್ಣ ಕೈಯಾರೆ ನೋಡಿ ಇಟ್ಟಿರೋದಮ್ಮ. ಕೋಳಿ ಮರೆತ್ರೂ ಇದು ಮರೆಯಲ್ಲ” ಅಂದಳು. ಹೆಂಗಸು ನಕ್ಕು ಕೊಂಡುಕೊಂಡಳು.

ಒಳಗಿನಿಂದ ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಅಕ್ಕನ ಕಿವಿಗೂ ಬಿದ್ದಿತ್ತು. ಆದರೆ ಗಡಿಯಾರದಂಗಡಿಯ ಆಚೆ ಮಗ್ಗುಲಲ್ಲಿ ತಗಡಿನ ಡಬ್ಬಿ ಬಡಿಯುವ ತಗಡಣ್ಣನ ಅಂಗಡಿ. ಆ ಸದ್ದಿಲ್ಲದೆ ಈ ಬೀದಿಯಲ್ಲಿ ಬೆಳಗಾದದ್ದೇ ಇಲ್ಲ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಗಡಿಯಾರದಣ್ಣನ ಹೆಂಡತಿ, ತಾನು ಕೆಲಸ ಮಾಡುವ ಶಾಲೆಯಿಂದ ಮಾತಾಡಿದಳು.

“ಅಕ್ಕ, ಇವರು ಬಿಪಿ ಮಾತ್ರೆ ಮನೇಲೇ ಬಿಟ್ಟು ಹೋಗಿದಾರೆ ಅಂತ ಮಗಳು ಹೇಳಿದ್ಲು. ರಾತ್ರಿಯಿಂದ ತಲೆ ಭಾರ ಅಂತಿದ್ರು. ಹೇಗಿದಾರೆ ನೋಡಿ ಸ್ವಲ್ಪ.”

“ಅರೆಬಾಗಿಲು ಹಾಕಿ ಹೋಗಿದಾರಮ್ಮ. ಬಂದ ತಕ್ಷಣ ಫೋನ್ ಮಾಡಿಸ್ತೀನಿ.”

ಫೋನು ಇಟ್ಟವಳು ಮತ್ತೆ ಆ ಶಟರಿನತ್ತ ನೋಡಿದಳು. ತಲೆಭಾರ ಇಟ್ಟುಕೊಂಡು ಸಗಟು ಅಂಗಡಿಗೆ ಯಾಕೆ ಹೋದರು? ಅಂಗಡಿಯ ಮುಂದೆ ಹೋಗಿ ನಿಂತಳು. ಶಟರಿನ ಕೆಳಗೆ ಮೇಜು ಕಂಡಿತು, ಅದರಾಚೆ ನೀಲಿ ಪರದೆ. ಕೈ ಮುಂದಾಯಿತು, ನಿಂತಿತು. ನಾಲ್ಕು ಜನರೆದುರು ಬ್ಯಾಗಿನಂಗಡಿಯವನ ಮಾನ ಕಳೆದವಳು ತಾನು. ಈಗ ತಾನೇ ಪರದೆ ಎತ್ತಿದರೆ ಅವನು ಸುಮ್ಮನಿರುತ್ತಾನೆಯೇ? ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕಾಸಿನಷ್ಟೂ ಬೆಲೆಯಿಲ್ಲದ ಆ ಅಂಜಿಕೆಯನ್ನು ನೆನೆದು ಆಮೇಲೆ ಅವಳು ಎಷ್ಟು ಸಲ ಹಣೆ ಚಚ್ಚಿಕೊಂಡಳೋ.

ಅಷ್ಟರಲ್ಲಿ ಅತಿಥಿಗಳು ಬಂದರು. ಒಕ್ಕೂಟದ ಮೇಡಂ, ಕ್ಯಾಮೆರಾ ಹಿಡಿದ ಇಬ್ಬರು, ಅವರ ಮುಂದೆ ದಾರಿ ಮಾಡಿಕೊಡುತ್ತ ಅಧ್ಯಕ್ಷ. ಬೀದಿಯೇ ಹಿಂದೆ ಬಂತು. ಅಧ್ಯಕ್ಷ ಹಲ್ಲುಕಿರಿದು, “ನೋಡಿ ಮೇಡಂ, ನಿಮಗೆ ತೋರಿಸೋಕೇ ಅಂತ ಒಂದು ಅರೆಬಾಗಿಲು ಸಿದ್ಧವಾಗಿದೆ. ಅಕ್ಕ, ನೀನೇ ವಿವರಿಸು” ಅಂದ.

ಅಕ್ಕ ವಿವರಿಸಿದಳು. ನಾಲಿಗೆ ತನ್ನ ಪಾಡಿಗೆ ಹೇಳುತ್ತ ಹೋಯಿತು, ಮನಸ್ಸು ಪರದೆಯ ಮೇಲಿತ್ತು. ಮೇಡಂ ಶಟರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಹೊಸಬರು ಕೇಳುವ ಹಾಗೆಯೇ ಕೇಳಿದರು.

“ಇದು ಇಳಿಸಿರೋದಾ, ಎತ್ತಿರೋದಾ? ನಿಮಗೆ ಹೇಗೆ ಗೊತ್ತಾಗುತ್ತೆ?”

ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಶಟರಿನತ್ತ ತಿರುಗಿದಳು. ಟಕ್ ಎಂದಿತು. ತುಸು ತಡೆದು ಮತ್ತೆ, ಮೊದಲಿಗಿಂತ ಮೆಲ್ಲಗೆ, ಟಕ್. ಅಕ್ಕನ ಕಣ್ಣು ಗುಂಪಿನಲ್ಲಿ ಹುಡುಕಿತು. ತಗಡಣ್ಣ ಎದುರಿಗೇ ಇದ್ದ, ಗರಿಗರಿ ಅಂಗಿ ತೊಟ್ಟು, ಫೋಟೋದಲ್ಲಿ ಬೀಳಲು ಅನುಕೂಲವಾಗುವಂತೆ ಕೈಕಟ್ಟಿ ನಿಂತಿದ್ದ.

“ತಗಡಣ್ಣ, ನಿನ್ನಂಗಡೀಲಿ ಯಾರಿದಾರೆ?”

“ಯಾರೂ ಇಲ್ಲಕ್ಕ. ನಾನಿವತ್ತು ಸುತ್ತಿಗೇನೇ ಮುಟ್ಟಿಲ್ಲ.”

ಅವಳು ಇಸ್ತ್ರಿ ಸೀರೆಯಲ್ಲೇ ಮಂಡಿಯೂರಿ ಶಟರಿನ ಕೆಳಗೆ ನುಸುಳಿ, ಮೇಜು ದಾಟಿ, ಪರದೆಯನ್ನು ಕಂಬಿ ಸಮೇತ ಕಿತ್ತೆಳೆದಳು. ಆತ ಮಗ್ಗುಲಾಗಿ ಬಿದ್ದಿದ್ದ. ಕಣ್ಣು ತೆರೆದೇ ಇತ್ತು, ಅವಳನ್ನೇ ನೋಡುತ್ತಿತ್ತು. ಎಡಗೈಯಲ್ಲಿ ಪುಟ್ಟ ಸುತ್ತಿಗೆ, ಅದರಿಂದ ಮೇಜಿನ ಕಾಲಿಗೆ ಬಡಿಯುತ್ತಿದ್ದ.

“ಅಣ್ಣ ಇಲ್ಲೇ ಇದಾರೆ” ಎಂದಳು. ಕೂಗಬೇಕೆಂದಿದ್ದಳು, ಬಂದದ್ದು ಪಿಸುಮಾತು. ಆದರೂ ಬೀದಿಗೆ ಕೇಳಿಸಿತು.

ಆಮೇಲಿನದ್ದನ್ನು ಕ್ಯಾಮೆರಾದವರು ತೆಗೆಯಲಿಲ್ಲ, ತೆಗೆಯಬೇಕಾದದ್ದು ಅದನ್ನೇ. ತಗಡಣ್ಣ ಶಟರನ್ನು ಒಂದೇ ಏಟಿಗೆ ಮೇಲೆ ತಳ್ಳಿದ. ಔಷಧಿ ಅಂಗಡಿಯ ಹುಡುಗಿ ಓಡಿಬಂದು, “ಯಾರೂ ನೀರು ಕುಡಿಸ್ಬೇಡಿ, ಹೀಗೇ ಮಗ್ಗುಲಾಗಿ ಇರ್ಲಿ” ಎಂದು ಗದರಿಸಿ ಪಕ್ಕದಲ್ಲಿ ಕೂತಳು. ಬಟ್ಟೆಯಂಗಡಿಯಿಂದ ದಪ್ಪ ಜಮಖಾನೆ ಬಂತು. ಆಂಬುಲೆನ್ಸಿಗೆ ಫೋನು ಮಾಡಿದರೆ ದೂರದಲ್ಲಿದೆ ಎಂದರು. ಮೇಡಂ ತಮ್ಮ ಕಾರಿದೆ ಎಂದರು, ಆದರೆ ಅದು ಬೀದಿಯ ತುದಿಯಲ್ಲಿ, ಒಳಗೆ ಬರಲು ದಾರಿಯೇ ಇಲ್ಲ. ನಿಮ್ಮ ಸಾಮಾನು ರಸ್ತೆಗೆ ಬಂದಿದೆ, ಒಳಗೆ ತಗೊಳ್ಳಿ ಎಂದು ಅಧ್ಯಕ್ಷ ವರ್ಷಗಳಿಂದ ಬಾಯಿ ಬಡಿದುಕೊಂಡರೂ ಒಂದು ಬುಟ್ಟಿ ಅಲುಗಾಡಿರಲಿಲ್ಲ. ಅವತ್ತು ಯಾರೂ ಹೇಳಲಿಲ್ಲ. ಹೂಕುಂಡಗಳು, ಬ್ಯಾಗಿನ ಸರಗಳು, ಛತ್ರಿ ನೇತುಹಾಕುವ ಕಂಬಿ, ಪಾತ್ರೆಯ ಗೋಪುರ, ಎಲ್ಲವೂ ದಡಬಡನೆ ಒಳಗೆ ಹೋದವು. ಒಡೆದದ್ದು ಒಡೆಯಿತು. ಬೀದಿ ಅಷ್ಟು ಅಗಲವಿದೆಯೆಂದು ಅಲ್ಲಿನವರಿಗೇ ಗೊತ್ತಿರಲಿಲ್ಲ. ಜಮಖಾನೆಯ ಒಂದು ಮೂಲೆ ಹಿಡಿದು ಆತನನ್ನು ಕಾರಿಗೆ ಏರಿಸಿದವರಲ್ಲಿ ಬ್ಯಾಗಿನಂಗಡಿಯವನೂ ಇದ್ದ. ಪರದೆಯ ವಿಷಯ ಅವನು ಎತ್ತಲೇ ಇಲ್ಲ.

ಜೀವ ಉಳಿಯಿತು. ಡಾಕ್ಟರು ಅಕ್ಕನನ್ನು ಮನೆಯವಳೆಂದು ತಿಳಿದು, “ಇನ್ನೂ ತಡ ಮಾಡಿದ್ರೆ ಕೈಮೀರ್ತಿತ್ತು” ಅಂದರು. ಅವಳು ಉಸಿರು ಬಿಡುವ ಮೊದಲೇ, “ಬಿದ್ದ ತಕ್ಷಣ ತಂದಿದ್ರೆ ಬಲಗೈಗೂ ಏನಾದ್ರೂ ಮಾಡ್ಬಹುದಿತ್ತು” ಎಂದೂ ಸೇರಿಸಿದರು. ಕೂದಲೆಳೆಯಂಥ ಸ್ಪ್ರಿಂಗು ಹಿಡಿಯುವ ಕೈ ಅದು. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರ ಪರಿವೆಯಿಲ್ಲದೆ ಅತ್ತಳು.

ಸನ್ಮಾನದ ಫಲಕ ಮಾತ್ರ ಸಂಘಕ್ಕೆ ಬಂದೇ ಬಂತು. ಅಧ್ಯಕ್ಷ ಅದನ್ನು ಕಾಗದ ಬಿಚ್ಚದೆ ಬೀರುವಿನ ಮೇಲಿಟ್ಟ. ಅರೆಬಾಗಿಲೇ ಬೇಡ, ನಿಲ್ಲಿಸಿಬಿಡೋಣ ಎಂದು ಸಭೆಯಲ್ಲಿ ಕೆಲವರು ಎದ್ದರು. ಅಕ್ಕ ಕೂತಲ್ಲಿಂದಲೇ ಹೇಳಿದಳು. “ಅರೆಬಾಗಿಲು ಇರ್ಲಿ. ತಪ್ಪು ಪರದೇದು, ಅದನ್ನ ತಂದೋಳು ನಾನು. ಇನ್ಮೇಲೆ ವ್ಯಾಪಾರ ನೋಡೋರು ಮೊದ್ಲು ಒಳಗೆ ಹೋಗಿ ಕೂಗ್ಬೇಕು. ಚಾಪೆ ದಿಂಬು ಕಂಡ್ರೆ ಕಾಣ್ಲಿ.” ಸಭೆ ಒಪ್ಪಿತು. ಗಡಿಯಾರದಂಗಡಿಯನ್ನು ಸರದಿಯ ಮೇಲೆ ತೆರೆಯುವುದೆಂದು ಅವತ್ತೇ ತೀರ್ಮಾನವಾಯಿತು. ರಿಪೇರಿ ಯಾರಿಗೂ ಬಾರದು, ಬ್ಯಾಟರಿ ಪಟ್ಟಿಗಳಾದರೂ ಹೋಗಲಿ ಎಂದು ಕೂತರು. ಬ್ಯಾಗಿನಂಗಡಿಯವನು ತನ್ನ ಸರದಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದ.

ಅಕ್ಕ ಮಾತ್ರ ಆ ದಿನದ ಮೇಲೆ ಅಣ್ಣನನ್ನು ನೋಡಲು ಹೋಗಿರಲಿಲ್ಲ. ನಾಳೆ ಹೋದರಾಯಿತು ಎಂದು ದಿನ ತಳ್ಳುತ್ತಿದ್ದಳು. ಕೋಳಿ ಮರೆತರೂ ಇದು ಮರೆಯಲ್ಲ ಎಂದು ತಾನು ನಗೆಯಾಡಿದಾಗ ಆತ ಒಂದು ಪರದೆಯಾಚೆ ಬಿದ್ದು ಕೇಳಿಸಿಕೊಳ್ಳುತ್ತಿದ್ದ. ಯಾವ ಮುಖ ಹೊತ್ತುಕೊಂಡು ಹೋಗುವುದು? ಕೊನೆಗೆ ಆತನ ಹೆಂಡತಿಯೇ ಅಂಗಡಿಗೆ ಬಂದು ನಿಂತಳು. “ಅವರಿಗೆ ಈಗ ಮಾತು ಬರ್ತಾ ಇದೆ. ಗುಂಡಿ ಎಲ್ಲಿ, ಗುಂಡಿ ಎಲ್ಲಿ ಅಂತಾರೆ. ನರ್ಸು ಅಂಗಿ ಗುಂಡಿ ನೋಡ್ತಾಳೆ” ಅಂದಳು.

ಅಕ್ಕ ಆಸ್ಪತ್ರೆಗೆ ಹೋದಾಗ ಆತ ದಿಂಬಿಗೊರಗಿ ಕೂತಿದ್ದ. ಬಲಗೈ ಹೊದಿಕೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಅಕ್ಕ ಅದನ್ನು ನೋಡಬಾರದೆಂದು ನೋಡುತ್ತಲೇ ನಿಂತಳು.

“ಆ ಅಲಾರಾಂ,” ಒಂದೊಂದೇ ಮಾತು ಕಿತ್ತು ತೆಗೆದಂತೆ ಆತ ಹೇಳಿದ, “ಕೆಟ್ಟಿದ್ದು. ರಿಪೇರಿಗೆ ಬಂದಿದ್ದು. ಅದನ್ನೇ ನೀನು ಮಾರಿಬಿಟ್ಟೆ.”

ಅಕ್ಕನಿಗೆ ನಗು ಬಂತು, ನಗುತ್ತಲೇ ಅಳು ಒತ್ತರಿಸಿತು. “ನನ್ನ ಮಾತೆಲ್ಲ ಕೇಳ್ತಿತ್ತಾ ಅಣ್ಣ?”

“ಎಲ್ಲ.”

“ನನ್ನನ್ನ ಶಪಿಸಿರ್ತೀರ.”

ಆತ ಇಲ್ಲವೆಂದು ತಲೆಯಾಡಿಸಿದ. ಎಡಗೈಯಿಂದ ಅವಳ ಸೆರಗಿನ ತುದಿ ಹಿಡಿದುಕೊಂಡ.

“ಹೆದರಿಕೆ ಆಗ್ಲಿಲ್ಲ. ನೀನು ಹೊರಗೇ ಇದ್ಯಲ್ಲ.”

“ಹೂಂ ಅಣ್ಣ,” ಅಂದಳು ಅಕ್ಕ. “ಹೊರಗೇ ಇದ್ದೆ.”