ಕಾಗದದಲ್ಲಿ ಹುಳಿ ಇರಲಿಲ್ಲ

ನಮ್ಮ ಯಜಮಾನರಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅದು ಒಲೆಯ ಎಡಗಡೆ ಒಂದೇ ಜಾಗದಲ್ಲಿದೆ. ಅಂಥವರು ಒಂದು ಸಂಜೆ ಗಿರಣಿಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ, ಇನ್ನು ಮುಂದೆ ಈ ಮನೆಯಲ್ಲಿ ಯಾವ ದಿನ ಏನು ಅಡುಗೆ ಎಂಬುದನ್ನು ತಾವೇ ಗೊತ್ತುಮಾಡುವುದಾಗಿ ಹೇಳಿದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆಗ ನಾವು ದಾಂಡೇಲಿಯ ಬಂಗೂರನಗರದಲ್ಲಿದ್ದೆವು. ಮನೆಯಲ್ಲಿ ಯಜಮಾನರು, ಅತ್ತೆ ಮತ್ತು ನಾನು. ಎರಡು ಸಾವಿರದ ಇಸವಿ ದಾಟಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಇಂಟರ್ನೆಟ್ ಅಂಗಡಿಯೊಂದು ಶುರುವಾಗಿತ್ತು. ಯಜಮಾನರಿಗೆ ಸಕ್ಕರೆ ಕಾಯಿಲೆಯ ಸುಳಿವಿದೆ, ಊಟದಲ್ಲಿ ಹಿಡಿತ ಇರಲಿ ಎಂದು ಡಾಕ್ಟರು ಹೇಳಿದ್ದರು. ಹಿಡಿತ ಎಂದರೆ ಏನು? ಅನ್ನ ಕಡಿಮೆ, ರೊಟ್ಟಿ-ಪಲ್ಯ ಹೆಚ್ಚು, ಚಹಾಕ್ಕೆ ಸಕ್ಕರೆ ಬೇಡ. ನಾನು ಮರುದಿನದಿಂದಲೇ ಹಾಗೆ ಮಾಡುತ್ತಿದ್ದೆ. ಆದರೆ ಹಿಡಿತ ಎಂದರೆ ಇದೇ ಎಂದು ಹೇಳಿದವಳು ನಾನು, ಕಂಪ್ಯೂಟರ್ ಅಲ್ಲ. ಕಾಗದದ ಗಿರಣಿಯಲ್ಲಿ ದುಡಿಯುವವರಿಗೆ ಕಾಗದದ ಮೇಲೆ ಭಕ್ತಿ ಹೆಚ್ಚೋ ಏನೋ, ಅವರು ಇಂಟರ್ನೆಟ್ ಅಂಗಡಿಯಿಂದ ಅಡುಗೆಗಳನ್ನು ಪ್ರಿಂಟ್ ಹೊಡೆಸಿಕೊಂಡು ಬಂದರು. ಡಿಕ್ಷನರಿ ನೋಡಿ ಇಂಗ್ಲಿಷಿನ ಪಕ್ಕದಲ್ಲಿ ಕನ್ನಡ ಬರೆದರು. ಇಡೀ ವಾರಕ್ಕೆ ಒಂದು ತಖ್ತೆ ಮಾಡಿ ಕಪಾಟಿಗೆ ಅಂಟಿಸಿದರು.

ಅತ್ತೆಗೆ ಓದಲು ಬಾರದು. "ಏನ್ ಬರದೀಯೋ ತಮ್ಮಾ, ಓದಿ ಹೇಳು" ಎಂದರು.

"ಸೋಮವಾರ, ಬೆಳಗಿನ ತಿಂಡಿ, ಓಟ್ಸ್."

ನಮ್ಮ ಕಡೆ ಬೆಳಿಗ್ಗೆ ತಿನ್ನುವುದು ನಾಷ್ಟಾ. ತಿಂಡಿ ಎಂದರೆ ತುರಿಕೆ.

"ಮುಂಜಾನೆ ಎದ್ದ ಕೂಡ್ಲೆ ತಿಂಡಿ ಹತ್ತಿಸ್ಕೋಬೇಕೇನ? ಮೈಗೋ, ಬಾಯಿಗೋ?"

"ಬೆಂಗಳೂರ ಕಡೆ ಹಂಗ ಅಂತಾರವ್ವಾ."

"ಮತ್ತ ಅವರಿಗೆ ಮೈ ತುರಿಸಿದ್ರ ಏನಂತಾರ?"

ಅದಕ್ಕೆ ಡಿಕ್ಷನರಿಯಲ್ಲಿ ಉತ್ತರ ಇರಲಿಲ್ಲವೆಂದು ತೋರುತ್ತದೆ. ಅವರು ಅವತ್ತಿನ ಪೇಪರು ಹಿಡಿದುಕೊಂಡು ಹೊರಗೆ ಹೋದರು.

ತಖ್ತೆಯಲ್ಲಿದ್ದುದನ್ನು ಹುಡುಕಿಕೊಂಡು ಸಂತೆ ಸುತ್ತುವುದು ನನ್ನ ಪಾಲಿಗೆ ಬಂತು. ಸೆಲರಿ ಎಂಬ ಸೊಪ್ಪು ಇದೆಯೇ ಎಂದು ಕೇಳಿದೆ. ಕಾಯಿಪಲ್ಯದವನು, "ಸ್ಯಾಲರಿ ಏನ್ರಿ ಅಕ್ಕಾರ? ಅದು ನಿಮ್ಮ ಗಿರಣ್ಯಾಗ ಸಿಗ್ತೈತಿ, ನಮ್ಮ ಕಡೆ ಎಲ್ಲೀದು" ಎಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ, ಆದರೆ ಬರುವ ದಾರಿಯುದ್ದಕ್ಕೂ ಒಳಗೆ ಕುದಿಯುತ್ತಿದ್ದೆ. ಇಷ್ಟು ವರ್ಷ ಈ ಮನೆಯಲ್ಲಿ ಅಡುಗೆಯ ಯೋಜನೆ ಮಾಡಿದವರು ಯಾರು? ನಾಳೆಯ ಕಾಳು ಇವತ್ತು ನೆನೆಯಬೇಕು, ಗಿರಣಿಯ ಭೋಂಗಾ ಕೂಗುವ ಮೊದಲು ಡಬ್ಬಿ ಕಟ್ಟಿರಬೇಕು, ಉಳಿದ ರೊಟ್ಟಿ ಮುರಿದು ಸಂಜೆ ಒಗ್ಗರಣೆಗೆ ಬೀಳಬೇಕು, ಗ್ಯಾಸು ಮುಗಿಯುವ ಲಕ್ಷಣ ಕಂಡರೆ ಬೇಳೆಯ ಬದಲು ಸೊಪ್ಪು ಬೇಯಬೇಕು. ಇದೆಲ್ಲ ತನ್ನಷ್ಟಕ್ಕೆ ತಾನೇ ಆಗುತ್ತಿತ್ತು ಎಂದು ಅವರು ತಿಳಿದಿದ್ದರೇ? ನಾನು ಅದನ್ನು ಎಲ್ಲಿಯೂ ಅಂಟಿಸಿರಲಿಲ್ಲ, ಅಷ್ಟೇ.

ಆದರೂ ಸುಮ್ಮನಿದ್ದೆ. ಅವರ ಹೊಟ್ಟೆ, ಅವರ ಸಕ್ಕರೆ ಎಂದುಕೊಂಡೆ. ಹೊರಗಿನವರು ಊಟಕ್ಕೆ ಬರುವವರೆಗೆ.

ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಅವರ ಸಾಹೇಬರನ್ನೂ ಸಾಹೇಬರ ಹೆಂಡತಿಯನ್ನೂ ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಕರೆದರು. ನಾನು ಎಣಗಾಯಿ, ಕಾಳುಪಲ್ಯ, ರೊಟ್ಟಿ ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದೆ. ಅದರ ಜೊತೆಗೆ ಒಂದು ಹೊಸ ರುಚಿ ಇರಲೇಬೇಕು ಎಂದು ಒಂದು ಪ್ರಿಂಟನ್ನು ಮುಂದೆ ಹಿಡಿದರು. ಪರದೇಶದ ಅಡುಗೆ. ಯಾಮ್ ಎಂಬುದನ್ನು ಹೋಳು ಮಾಡಿ ಎಣ್ಣೆ, ಮೆಣಸಿನಪುಡಿ ಸವರಿ ಹುರಿಯಬೇಕು. ಪಕ್ಕದಲ್ಲಿ ಅವರ ದುಂಡು ಅಕ್ಷರ: ಸುವರ್ಣಗಡ್ಡೆ. ಚಿತ್ರ ಕಪ್ಪಗೆ, ಮಸಿ ಚೆಲ್ಲಿದ ಹಾಗಿತ್ತು.

ಗಡ್ಡೆಯೇನೋ ಒಳ್ಳೆಯದೇ ಸಿಕ್ಕಿತು. ಸಂತೆಗೆ ಜೋಯಿಡಾ ಕಡೆಯ ಹೆಂಗಸರು ತರುತ್ತಾರೆ. ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಹುಣಸೆಹಣ್ಣು ನೆನೆಹಾಕಿ ಇಟ್ಟಿದ್ದೆ. ಯಜಮಾನರು ಆ ಬಟ್ಟಲನ್ನು ನೋಡಿದರು.

"ಇದ್ಯಾಕ?"

"ಗಡ್ಡಿಗೆ."

ಅವರು ಪ್ರಿಂಟಿನ ಮೇಲೆ ಬೆರಳಾಡಿಸಿದರು. "ಇದರಾಗ ಹುಳಿ ಇಲ್ಲ. ತಗದಿಡು."

"ರೀ, ಗಡ್ಡಿ ಐತ್ರಿ ಅದು. ಹುಳಿ ಇಲ್ದಿದ್ರ ಗಂಟಲ ಹಿಡಿತೈತಿ."

"ಅವರ ದೇಶಕ್ಕ ದೇಶಾನ ತಿನ್ನಾಕತ್ತೈತಿ. ಅವರ ಗಂಟಲೇನು ಹಿತ್ತಾಳಿವಾ? ಇದ್ದಂಗ ಮಾಡು."

ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರ್ ನಿಂತ ಸದ್ದು. ಬಂದವರ ಮುಂದೆ ಜಗಳ ಬೇಡವೆಂದು ನಾನು ಬಟ್ಟಲು ಸರಿಸಿದೆ.

ಹುರಿದ ಗಡ್ಡೆ ಬಾಯಿಗೆ ಬಿದ್ದ ಮೇಲೆ ಮೊದಲು ನೀರು ಕೇಳಿದವರು ಸಾಹೇಬರ ಹೆಂಡತಿ. ಆಮೇಲೆ ಗಂಟಲು ಮುಟ್ಟಿಕೊಂಡರು. ಸಾಹೇಬರು ಕೆಮ್ಮತೊಡಗಿದರು. ನಾನು ಬೆಲ್ಲ, ಮಜ್ಜಿಗೆ ಎಂದು ಓಡಾಡುತ್ತಿದ್ದೆ. ಬಾಗಿಲಲ್ಲಿ ಕೂತಿದ್ದ ಅತ್ತೆ ಮಗನಿಗೆ, "ನೋಡು, ಈಗ ಬಂತು ನಿನ್ನ ತಿಂಡಿ" ಎಂದರು.

"ಅಯ್ಯೋ, ತಿಂಡಿ ಎಲ್ಲ ಬೇಡಿ ಅಜ್ಜಿ," ಎಂದರು ಸಾಹೇಬರ ಹೆಂಡತಿ, ಕಣ್ಣಲ್ಲಿ ನೀರು ತುಂಬಿಕೊಂಡು. "ಊಟಾನೇ ಸಾಕಾಗಿದೆ."

ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ಆಗ ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಯಜಮಾನರು ಕೈ ತೊಳೆಯುತ್ತ, "ಏನ್ ಮಾಡೂದ್ರಿ ಸರ್, ನಮ್ಮಾಕಿಗೆ ಹೊಸಾ ಅಡಗಿ ಕೈ ಹತ್ತೂದಿಲ್ಲ" ಎಂದರು.

ಗಂಟಲ ತುರಿಕೆ ಸಂಜೆಗೆ ಹೋಗುತ್ತದೆ. ಆ ಮಾತು ಹೋಗಲಿಲ್ಲ. ಕಾಲನಿ ತುಂಬ ತಿರುಗಿತು. ಗಣಪತಿಯ ಊಟದಲ್ಲಿ ಪ್ರತಿ ವರ್ಷ ಹುಗ್ಗಿಯ ಬೋಗುಣಿಯ ಮುಂದೆ ನಿಲ್ಲುತ್ತಿದ್ದವಳು ನಾನು. ಬೆಲ್ಲ ಸಾಕೋ ಬೇಕೋ ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಆ ಸಲ ಒಬ್ಬಾಕೆ ಬಂದು, "ನೀವು ಕೂಡ್ರಿ ವೈನಿ, ದಣದೀರಿ. ಎಲಿ ಹಾಕೂದು ನೋಡ್ಕೊಂಡ್ರ ಸಾಕು" ಎಂದಳು. ಅಷ್ಟು ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು. ನನಗೆ ನೌಕರಿ ಇಲ್ಲ, ಪದವಿ ಇಲ್ಲ. ನನ್ನದೆಂದು ಇದ್ದದ್ದು ಕೈರುಚಿಯ ಹೆಸರೊಂದೇ. ಅದನ್ನು ತಪ್ಪು ಮಾಡಿ ನಾನೇ ಕಳೆದುಕೊಂಡಿದ್ದರೆ ಸುಮ್ಮನಿರುತ್ತಿದ್ದೆ.

"ಹುಳಿ ತಗದಿಡು ಅಂದಾವ ನಾನು ಅಂತ ಸಾಹೇಬರ ಮುಂದ ಒಂದ್ಸಲ ಹೇಳ್ರಿ," ಎಂದೆ ಮನೆಗೆ ಬಂದು.

"ಇಷ್ಟ ಸಣ್ಣ ಮಾತಿಗೆ ಏನದು? ಬಿಡು."

ಸಣ್ಣ ಮಾತಾದರೆ ಹೇಳಲು ಏನು ಕಷ್ಟ?

ಆ ಪ್ರಿಂಟನ್ನು ಮಡಚಿಕೊಂಡು ಇಂಟರ್ನೆಟ್ ಅಂಗಡಿಗೆ ಹೋದೆ. ಅಲ್ಲಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಇದನ್ನೇ ತೆಗೆದು ತೋರಿಸಿ ಎಂದು ಅಂಗಡಿಯವರಿಗೆ ಹೇಳಿದೆ. ಪರದೆಯ ಮೇಲೆ ಅಕ್ಷರ ಬಂದವು. ಚಿತ್ರ ಮಾತ್ರ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಮೇಲಿನಿಂದ ಒಂದೊಂದೇ ಗೆರೆ ಇಳಿಯಿತು. ಮೊದಲು ತಟ್ಟೆಯ ಅಂಚು. ಆಮೇಲೆ ಕೇಸರಿ ಬಣ್ಣದ ಹೋಳುಗಳು. ಕೊನೆಗೆ ತಟ್ಟೆಯ ಪಕ್ಕ ಇಟ್ಟಿದ್ದ ಇಡೀ ಗಡ್ಡೆ: ಉದ್ದಕ್ಕೆ, ಎರಡೂ ತುದಿ ಚೂಪಾಗಿ, ಕೆಂಪು ಸಿಪ್ಪೆಯದು.

"ಇದು ಗೆಣಸ ಅಲ್ಲೇನ್ರಿ?" ಎಂದೆ.

ಅಂಗಡಿಯವರು ಬಗ್ಗಿ ನೋಡಿದರು. "ಗೆಣಸೇ ಐತ್ರಿ ಅಕ್ಕಾರ. ಆ ದೇಶದಾಗ ಇದಕ್ಕೂ ಯಾಮ್ ಅಂತಾರಂತ. ಯಾಕ, ಏನಾತು?"

ಏನಾಯಿತೆಂದು ಹೇಳಲಿ? ಗೆಣಸಿಗೆ ಹುಳಿ ಯಾಕೆ ಬೇಕು? ಆ ಅಡುಗೆ ಬರೆದವಳದೂ ತಪ್ಪಿಲ್ಲ, ಕಂಪ್ಯೂಟರಿನದೂ ತಪ್ಪಿಲ್ಲ. ಒಲೆಯ ಮುಂದೆ ನಿಂತವಳು ಗಡ್ಡೆಯನ್ನು ಕೈಯಲ್ಲಿ ಹಿಡಿದು ಹೇಳುತ್ತಿದ್ದರೂ ಮಸಿ ಚೆಲ್ಲಿದ ಕಾಗದವನ್ನು ನಂಬಿದವರದು ತಪ್ಪು.

ಆ ರಾತ್ರಿ ಕಪಾಟಿನ ತಖ್ತೆಯಲ್ಲಿದ್ದ ಸಾರನ್ನು ಅದರ ಪ್ರಿಂಟಿನಲ್ಲಿ ಬರೆದ ಹಾಗೆಯೇ ಮಾಡಿದೆ. ಅದರಲ್ಲಿ "ಉಪ್ಪು ರುಚಿಗೆ ತಕ್ಕಷ್ಟು" ಎಂದಿತ್ತು. ಉಪ್ಪಿನ ಡಬ್ಬಿಯನ್ನು ತಂದು ಅವರ ತಾಟಿನ ಮುಂದೆ ಇಟ್ಟೆ. "ಎಷ್ಟಂತ ಬರದಿಲ್ರಿ. ನೀವೇ ಹಾಕ್ಕೊಳ್ರಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕೆಲವು ವಾರಗಳ ನಂತರ ಸಾಹೇಬರ ಮನೆಯಿಂದ ನಮಗೆ ಕರೆ ಬಂತು. ಆಕೆ ಬಿಸಿಬಿಸಿ ಇಡ್ಲಿ ತಂದಿಟ್ಟು, "ತಿಂಡಿ ತಗೊಳ್ಳಿ. ಇದು ನಮ್ಮ ಕಡೆಯ ತಿಂಡಿ, ಗಂಟಲಿಗೆ ಏನೂ ಆಗಲ್ಲ" ಎಂದು ನಕ್ಕರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ನಾನು ಯಜಮಾನರ ಮುಖ ನೋಡಿದೆ. ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುತ್ತದೆಯೇ?

"ಅವತ್ತು ಇಂಟರ್ನೆಟ್ಟು ಕೈ ಕೊಡ್ತು ನೋಡ್ರಿ," ಎಂದರು ಅವರು.

ನಾನು ತಾಟು ಕೆಳಗಿಟ್ಟೆ. "ಇಂಟರ್ನೆಟ್ಟಿಗೆ ಬಾಯಿಲ್ರೀ. ನಾನು ಹುಣಸಿಹಣ್ಣು ನೆನಿಹಾಕಿದ್ದೆ. ತಗದಿಡು ಅಂದಾವ್ರು ಇವರು. ಅದರಾಗ ಬರದದ್ದು ಗೆಣಸು, ಇವರು ತಿಳಕೊಂಡದ್ದು ಗಡ್ಡಿ."

ಸಾಹೇಬರು ಚಟ್ನಿ ಬಡಿಸಿಕೊಂಡರು. ಅವರ ಹೆಂಡತಿ ನನ್ನನ್ನೂ ಯಜಮಾನರನ್ನೂ ನೋಡಿ, "ನಮ್ಮನೇಲೂ ಹೀಗೇ ಕಣ್ರೀ. ಹೇಳಿದ್ರೆ ಕೇಳ್ತಾರಾ?" ಎಂದರು. ಈ ಸಲ ಗಡ್ಡೆ ತಿನ್ನದೆಯೇ ಸಾಹೇಬರು ಕೆಮ್ಮಿದರು.

ದಾರಿಯಲ್ಲಿ ಯಜಮಾನರು ನನ್ನಿಂದ ಎರಡು ಹೆಜ್ಜೆ ಮುಂದೆಯೇ ನಡೆದರು. ತಖ್ತೆಯನ್ನು ಅವರೂ ಕೀಳಲಿಲ್ಲ, ನಾನೂ ಕೀಳಲಿಲ್ಲ. ಅಂಟು ಒಣಗಿ ಒಂದು ಮೂಲೆಯಿಂದ ತಾನೇ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ಸಂತೆಯ ದಿನ ಅವರು ಚೀಲ ಹಿಡಿದು ತಾವೇ ಹೋದರು. ಬಂದು ಕಟ್ಟೆಯ ಮೇಲೆ ಒಂದು ಸುವರ್ಣಗಡ್ಡೆ ಇಟ್ಟರು, ಮಣ್ಣಿನ ಸಮೇತ. ಕಿಟಕಿಯ ಕಡೆ ಮುಖ ಮಾಡಿ ಕೇಳಿದರು:

"ಹುಣಸಿಹಣ್ಣು ಐತೇನು ಮನ್ಯಾಗ?"

"ಐತಿ," ಎಂದೆ. "ಅವತ್ತೂ ಇತ್ತು."