ಮಲೇರಿಯಾ ಬೈಲಪ್ಪನ ಸೂಜಿ

ಶಿರಾ ಸುತ್ತಿನ ಹಳ್ಳಿಗಳಲ್ಲಿ ಬರೀ ಬೈಲಪ್ಪ ಎಂದರೆ ಯಾವ ಬೈಲಪ್ಪ ಎನ್ನುತ್ತಿದ್ದರು. ಮಲೇರಿಯಾ ಬೈಲಪ್ಪ ಎಂದರೆ ಮಾತ್ರ ಮಕ್ಕಳು ಬೆರಳು ಮುಚ್ಚಿಕೊಂಡು ಅಟ್ಟ ಹತ್ತುತ್ತಿದ್ದವು. ಎಪ್ಪತ್ತೊಂದರಲ್ಲಿ ಕೆಲಸಕ್ಕೆ ಸೇರಿದವನು ಹದಿನೆಂಟು ವರ್ಷ ಸೈಕಲ್ ತುಳಿದ. ಜ್ವರದವರ ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ, ಮಾತ್ರೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ಹೋಗುವುದು ಅವನ ಕೆಲಸ. ಬೆಳಿಗ್ಗೆ ತೆಗೆದ ಸೂಜಿಯೇ ಸಂಜೆಯವರೆಗೆ. ಒಂದು ಬೆರಳಾದ ಮೇಲೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಇನ್ನೊಂದಕ್ಕೆ ಚುಚ್ಚುತ್ತಿದ್ದ. ಅವನಿಗಿಂತ ಹಿಂದಿನವನೂ ಹಾಗೇ ಮಾಡುತ್ತಿದ್ದ, ಇವನಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ದಾಕ್ಷಾಯಣಮ್ಮ ಅವನನ್ನು ಕರೆಸಿದರು. ಗೋಡೆಗೆ ಹೊಸದೊಂದು ನಕಾಶೆ ತೂಗಿಹಾಕಿದ್ದರು. ಬೊಂಬಾಯಿ ಕಡೆಯಿಂದ ಇಳಿದು ಬರುವ ಹೆದ್ದಾರಿಯ ಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ.

"ಏಡ್ಸ್ ಅಂತ ಹೊಸ ಕಾಯಿಲೆ ಬೈಲಪ್ಪ. ರಸ್ತೆ ಹಿಡಿದೇ ಬರ್ತಿದೆ ನೋಡಿ. ಒಳಗಿನ ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲ ಖಾಲಿ."

ಶಿರಾ ಪಕ್ಕದ ಕೊನೆಯ ಚುಕ್ಕೆ ಯಾರದೆಂದೂ ಹೇಳಿದರು. ಬೈಲಪ್ಪನ ಸರಹದ್ದಿನವನೇ, ಲಾರಿ ಡ್ರೈವರ್ ಮುದ್ದಪ್ಪ. ಬೆಂಗಳೂರಿನಲ್ಲಿ ಆಸ್ಪತ್ರೆ ಸೇರಿದಾಗ ರಕ್ತ ನೋಡಿ ಪತ್ತೆಹಚ್ಚಿದ್ದರು. ಅವನ ಹೆಸರು ಎಲ್ಲೂ ಬಾಯಿಬಿಡಬಾರದೆಂದು ಆಣೆಯನ್ನೂ ಹಾಕಿಸಿಕೊಂಡರು. ಗಂಡು ಹೆಣ್ಣಿನ ಸಂಗದಿಂದ ಬರುತ್ತದೆ, ರಕ್ತದಿಂದ ಬರುತ್ತದೆ, ಸೂಜಿಯಿಂದ ಬರುತ್ತದೆ ಎಂದರು. ಬೈಲಪ್ಪನಿಗೆ ಕೇಳಿಸಿದ್ದು ಕೊನೆಯದೊಂದೇ.

ಕಾರ್ತೀಕದಲ್ಲಿ ಜ್ವರವೆಂದು ಮಲಗಿದ್ದ ಮುದ್ದಪ್ಪನ ಬೆರಳಿಗೆ ಅವನೇ ಚುಚ್ಚಿದ್ದ. ಅದೇ ಸೂಜಿಯಿಂದ ಆಮೇಲೆ ಏಳು ಮನೆಯಲ್ಲಿ ಏಳು ಜನಕ್ಕೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಷ್ಟು ಗಟ್ಟಿ ಎದೆ ಅವನದಲ್ಲ, ನಿಂತಲ್ಲೇ ಹೇಳಿಬಿಟ್ಟ. ಡಾಕ್ಟರಮ್ಮ ಏಳೂ ಹೆಸರು ಬರೆದುಕೊಂಡರು. "ಬಂದಿರೋದು ಅನುಮಾನ. ಆದ್ರೂ ಏಳು ಜನದ ರಕ್ತ ನೋಡಲೇಬೇಕು" ಎಂದರು.

ಮಾರನೆಯ ದಿನ ಅವನೇ ಮನೆಮನೆಗೆ ಹೋದ. ಮಲೇರಿಯಾ ಎಂದು ಸುಳ್ಳು ಹೇಳಲಿಲ್ಲ. ಒಬ್ಬರ ರಕ್ತ ಕೆಟ್ಟಿತ್ತು, ಅದೇ ಸೂಜಿ ನಿಮಗೂ ತಾಗಿದೆ ಎಂದ. ಮೊದಲ ಮನೆಯ ರಂಗಕ್ಕ ಕುದಿದುಹೋದಳು.

"ಥೂ ನಿನ್ನ! ಎಳೇ ಕೂಸಿನ ಬೆಳ್ಳನ್ನೂ ಬುಡದಂಗೆ ಚುಚ್ಬುಟ್ಟು ಇವತ್ತು ಬಂದು ಇಂಗಂತೀಯಾ?"

ಬೈದಳು, ಅತ್ತಳು, ಕೊನೆಗೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಜೀಪು ಹತ್ತಿದಳು. ಸುದ್ದಿ ಅವನ ಸೈಕಲ್ಲಿಗಿಂತ ಮುಂದೆ ಓಡಿತು. ಹದಿನೆಂಟು ವರ್ಷ ಮಜ್ಜಿಗೆ ಕೊಟ್ಟ ಕೈಗಳೇ ಅವನನ್ನು ಕಂಡು ಬಾಗಿಲು ಹಾಕಿಕೊಂಡವು. ಬೆಂಗಳೂರಿನಿಂದ ಫಲಿತಾಂಶ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಕಣ್ಣು ಮುಚ್ಚಿದರೆ ರಂಗಕ್ಕನ ಮಗುವಿನ ಬೆರಳು ಕಾಣುತ್ತಿತ್ತು.

ಏಳೂ ಜನರ ರಕ್ತ ಶುದ್ಧವಾಗಿತ್ತು. ಬೈಲಪ್ಪ ಡಾಕ್ಟರಮ್ಮನ ಎದುರೇ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅತ್ತ.

"ಹೇಳಲಿಲ್ವಾ ನಾನು? ಕಾಯಿಲೆ ರಸ್ತೆ ಬಿಟ್ಟು ಇಳಿದಿಲ್ಲ" ಎಂದು ಅವರು ನಕಾಶೆ ತೋರಿಸಿ ನಕ್ಕರು.

ಅವನು ನಕಾಶೆಯನ್ನೇ ನೋಡಿದ. ನೋಡುತ್ತಾ ನೋಡುತ್ತಾ ಅವನ ಅಳು ನಿಂತಿತು.

"ಲಾರಿ ರಸ್ತೆ ಬುಟ್ಟು ಇಳಿಯಾಕಿಲ್ಲ ಮೇಡಮ್ಮೋರೆ. ಹೆಂಡ್ರು ಇಳೀತಾರೆ."

ತನಗೆ ಮದುವೆಯೇ ಆಗಿಲ್ಲವೆಂದು ಮುದ್ದಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲಿ ಬರೆಸಿದ್ದನಂತೆ, ಹಾಗಾಗಿ ಹೆಂಡತಿಯ ರಕ್ತವನ್ನು ಯಾರೂ ನೋಡಿರಲಿಲ್ಲ. ಅವನ ಹೆಂಡತಿ ನಾಗಕ್ಕನನ್ನು ಏಳನೇ ತಿಂಗಳಲ್ಲಿ ಮಡಿಲು ತುಂಬಿಸಿ, ಚೊಚ್ಚಲ ಹೆರಿಗೆಗೆಂದು ಮಧುಗಿರಿ ಕಡೆಯ ತವರಾದ ಮಿಡಿಗೇಶಿಗೆ ಕರೆದುಕೊಂಡು ಹೋದದ್ದು ಬೈಲಪ್ಪನಿಗೆ ಗೊತ್ತಿತ್ತು. ಇಷ್ಟು ದಿನ ತನ್ನ ಪಾಪವನ್ನೇ ಮೆಲುಕು ಹಾಕಿದವನು ಆ ಹುಡುಗಿಯನ್ನು ಒಮ್ಮೆಯೂ ನೆನೆದಿರಲಿಲ್ಲ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಬೆಳಿಗ್ಗೆ ಮೊದಲ ಬಸ್ಸಿಗೇ ಮಿಡಿಗೇಶಿಗೆ ಹೋದ. ನಾಗಕ್ಕ ಪಡಸಾಲೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು, ಮಡಿಲಲ್ಲಿ ನಲವತ್ತು ದಿನದ ಗಂಡು ಮಗು. ರಕ್ತ ತೋರಿಸಲು ತುಮಕೂರಿಗೆ ಬರಬೇಕು, ಇಂಥ ಕಾಯಿಲೆಯ ಅನುಮಾನವಿದೆ ಎಂದು ಬೈಲಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಒಳಗಿದ್ದ ತಾಯಿ ಕೊಲ್ಲಾಪುರಮ್ಮನ ಕಿವಿಗೆ ಬಿದ್ದೇಬಿಟ್ಟಿತು.

"ಅದು ಕೆಟ್ಟ ಹೆಂಗಸ್ರಿಗೆ ಬರೋ ರೋಗ ಅಂತಾರಲ್ಲ! ಏನ್ ಮಾಡ್ಕಂಡು ಬಂದ್ಯೇ ನನ್ನ ಹೊಟ್ಟೇಲಿ ಹುಟ್ಟಿ?" ಎನ್ನುತ್ತಾ ಮಗುವನ್ನು ಮಗಳ ಮಡಿಲಿನಿಂದ ಕಿತ್ತುಕೊಂಡಳು. ಮಗು ಕಿರುಚಿತು. ನಾಗಕ್ಕ ಖಾಲಿ ಕೈ ಚಾಚಿಕೊಂಡೇ ಕೂತಳು.

ಮುದ್ದಪ್ಪನ ಹೆಸರು ಬೈಲಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆಣೆ ಅಡ್ಡ ಬಂತು. ಆಣೆ ಮುರಿದು ಹೇಳಿದರೂ ಅಳಿಯನ ತಪ್ಪು ಕೊನೆಗೆ ಸುತ್ತಿಕೊಳ್ಳುವುದು ಮಗಳ ಕೊರಳಿಗೇ ಎಂಬುದು ಹದಿನೆಂಟು ವರ್ಷ ಮನೆಮನೆ ಹೊಕ್ಕವನಿಗೆ ತಿಳಿಯದ್ದಲ್ಲ.

"ಅವಳ್ದೇನೂ ತಪ್ಪಿಲ್ಲ ಕಣಮ್ಮ" ಎಂದ. "ಕಾರ್ತೀಕದಾಗೆ ಜ್ವರ ಅಂತ ನಾನೇ ಚುಚ್ಚಿದ್ದೆ. ಬಂದಿದ್ರೆ ನನ್ನ ಸೂಜಿಯಿಂದ್ಲೇ ಬಂದಿರಬೇಕು."

ಕೊಲ್ಲಾಪುರಮ್ಮ ಮಗುವನ್ನು ಮಗಳ ಮಡಿಲಿಗೆ ಹಾಕಿ ಪೊರಕೆ ಎತ್ತಿಕೊಂಡಳು. ನಾಲ್ಕು ಏಟು ಬಿದ್ದವು. ಅವನ ವಂಶ ನಿರ್ವಂಶವಾಗಲೆಂದು ಬೀದಿಗೆಲ್ಲ ಕೇಳುವಂತೆ ಶಾಪ ಹಾಕಿದಳು. ಇನ್ನು ಈ ಕಡೆಯೂ ತನಗೆ ಯಾವ ಬಾಗಿಲೂ ತೆರೆಯುವುದಿಲ್ಲವೆಂದು ಬೈಲಪ್ಪನಿಗೆ ಗೊತ್ತಿತ್ತು. ಅವನು ಕದಲಲಿಲ್ಲ.

ನಾಗಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಆ ಕಾರ್ತೀಕದಲ್ಲಿ ಅವಳಿಗೆ ಜ್ವರವೇ ಬಂದಿರಲಿಲ್ಲ, ಬೈಲಪ್ಪ ಅವಳ ಬೆರಳನ್ನು ಯಾವತ್ತೂ ಮುಟ್ಟಿರಲಿಲ್ಲ. ಆಮೇಲೆ ತಲೆ ಎತ್ತಿ ಅವನನ್ನು ನೋಡಿದಳು. ಕಾಯಿಲೆ ಎಲ್ಲಿಂದ ಬಂದಿರಬಹುದೆಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಮಗುವನ್ನು ಎದೆಗೆ ಬಿಗಿಯಾಗಿ ಒತ್ತಿಕೊಂಡಳು.

"ತುಮ್ಕೂರಿಗೆ ಬಸ್ಸು ಎಷ್ಟೊತ್ತಿಗಣ್ಣಾ?" ಎಂದಳು.