ಟೈಲರಮ್ಮನ ಸ್ಟ್ರಾಬೆರಿ

ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯ ಟೈಲರಮ್ಮ ಹೊಲಿದ ರವಿಕೆ ತೊಟ್ಟರೆ ಕೈ ಎತ್ತಲಾಗುತ್ತಿರಲಿಲ್ಲ. ಆದರೂ ಕೊರಳಿಗೆ ಟೇಪು ನೇತುಹಾಕಿಕೊಂಡು ಎದುರು ನಿಂತು, "ಸರಿಯಾಗಿದೆ ಅಲ್ವಾ?" ಎಂದು ಅವರು ಕೇಳಿದಾಗ ಇಲ್ಲವೆಂದವರನ್ನು ನಾನು ಕಾಣೆ.

ಒಂದು ಚಳಿಗಾಲ ಅವರು ಸ್ಟ್ರಾಬೆರಿ ಗಿಡ ತರಿಸಿದರು. ಕೊರಿಯರಿನಲ್ಲಿ ಬಂದದ್ದು ಎಲೆಯಿಲ್ಲದ, ಮಣ್ಣಿಲ್ಲದ ಬರೀ ಬೇರಿನ ಕಟ್ಟು. ಅದನ್ನು ನೀರಲ್ಲಿ ನೆನೆಸಿ, ಉದ್ದದ ಬೇರುಗಳನ್ನು ಹೊಲಿಗೆಯ ಕತ್ತರಿಯಲ್ಲೇ ಸಮ ಮಾಡಿ, ಹಿತ್ತಲಲ್ಲಿ ಟೇಪು ಹಿಡಿದು ಹನ್ನೆರಡು ಇಂಚಿಗೊಂದರಂತೆ ನೆಟ್ಟರು. "ಸುಳಿ ಮಣ್ಣೊಳಗೆ ಹೋದ್ರೆ ಕೊಳೆತುಹೋಗುತ್ತೆ. ಎಲ್ಲಾ ಅಳತೇಲಿರೋದು ಮಾರಾಯ್ತಿ," ಎಂದರು.

ಮೊದಲು ಹಣ್ಣಾದದ್ದು ಒಂದೇ ಒಂದು. ಅದನ್ನು ದೇವರ ಮುಂದಿಟ್ಟು, ಎಂಟು ಚೂರು ಮಾಡಿ, ಬೀದಿಯ ಹೆಂಗಸರಿಗೆಲ್ಲ ಹಂಚಿದರು. ಹುಣಸೆಹಣ್ಣೂ ನಾಚುವಷ್ಟು ಹುಳಿ. "ಸಿಹಿ ಇದೆ ಅಲ್ವಾ?" ಎಂದರು, ಕೊರಳ ಟೇಪು ಸರಿಮಾಡಿಕೊಳ್ಳುತ್ತಾ. ಎಂಟೂ ತಲೆಗಳು ಹೌದೆಂದು ಆಡಿದವು. ನಾವು ಅಷ್ಟು ಮೆಚ್ಚಿದ್ದಕ್ಕೆ, ಗಿಡಗಳು ಬಳ್ಳಿ ಬಿಟ್ಟು ಮರಿ ಹಾಕಿದಾಗ ಮನೆಗೊಂದು ಮರಿ ಕೊಟ್ಟುಬಿಟ್ಟರು.

ಮುಂದಿನ ಚಳಿಗಾಲ ನನ್ನ ಕುಂಡದಲ್ಲೂ ಒಂದು ಹಣ್ಣಾಯಿತು. ಅರ್ಧ ಕೊಯ್ದು ಅವರಿಗೆ ಕೊಟ್ಟೆ. ಅಗಿಯುತ್ತಿದ್ದಂತೆ ಅವರ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಅಯ್ಯೋ, ಬರೀ ಹುಳಿ! ಎಲ್ಲೋ ಅಳತೆ ತಪ್ಪಿದೀಯ ಮಾರಾಯ್ತಿ. ನಂದು ಎಷ್ಟು ಸಿಹಿ ಇತ್ತು ಅಲ್ವಾ?"

ಇತ್ತು ಎಂದೆ. ಅಲ್ಲೇ ಕೈಯೆತ್ತಿ ಮುಗಿದುಬಿಡೋಣ ಎನಿಸಿತು. ಆದರೆ ಅವತ್ತು ಅವರೇ ಹೊಲಿದ ರವಿಕೆ ತೊಟ್ಟಿದ್ದೆ, ಕೈ ಮೇಲೇಳಲಿಲ್ಲ.